ಆಫೀಸು ಮೈಸೂರಲ್ಲಿ, ಸ್ಟಾಫ್ ಮಳವಳ್ಳಿ, ಹೊಸೂರು, ಪುಣೆಯಲ್ಲಿ: ಪಿಎಫ್, ಪಿಟಿ ಲೆಕ್ಕ ಹೇಗೆ?

ಸರಸ್ವತಿಪುರಂ_ಲೆಕ್ಕ

ನಮಸ್ಕಾರ ಎಲ್ಲರಿಗೂ. ನಮ್ಮದು ಮೈಸೂರಿನಲ್ಲಿ ಸಣ್ಣ ಕಂಪನಿ. ಆಸ್ಪತ್ರೆಗಳ ಬಿಲ್ಲು, ಇನ್ಶೂರೆನ್ಸ್ ಕ್ಲೇಮು ನೋಡಿಕೊಡುವ ಕೆಲಸ. ಆಫೀಸಿಗೆ ಬರುವವರು 13 ಜನ, ಮನೆಯಿಂದಲೇ ಮಾಡುವವರು 9 ಜನ. ಆ ಒಂಬತ್ತರಲ್ಲಿ ಹೆಚ್ಚಿನವರು ಮದ್ದೂರು, ಮಳವಳ್ಳಿ ಕಡೆಯವರು, ಇಬ್ಬರು ತಮಿಳುನಾಡಿನ ಹೊಸೂರು, ಒಬ್ಬಳು ಮದುವೆಯಾಗಿ ಪುಣೆಗೆ ಹೋದವಳು, ಒಳ್ಳೇ ಕೆಲಸಗಾರ್ತಿ, ಬಿಡಲು ಮನಸ್ಸಾಗಲಿಲ್ಲ. ಇಎಸ್‌ಐ (ನೌಕರರ ಆರೋಗ್ಯ ವಿಮೆ) ಮೊದಲಿನಿಂದ ಇದೆ. ಪಿಎಫ್ (ಭವಿಷ್ಯ ನಿಧಿ) ಇಲ್ಲ. "ಆಫೀಸಲ್ಲಿ 20 ಜನ ಇಲ್ವಲ್ಲ, ಯಾಕೆ ಬೇಕು" ಅನ್ನುವುದು ನಮ್ಮ ಪಾರ್ಟ್ನರ್ ವಾದ. ನನಗೆ ಅನುಮಾನ. ಹಾಗೇ ಪಿಟಿ (ವೃತ್ತಿ ತೆರಿಗೆ) ಎಲ್ಲರಿಗೂ ಕರ್ನಾಟಕದ್ದೇ ಹಿಡಿದರೆ ಆಗುತ್ತಾ? ಇನ್ನೊಂದು, ಮಳವಳ್ಳಿ ಹತ್ತಿರದ ಹಳ್ಳಿಯಲ್ಲಿರುವ ಹುಡುಗನಿಗೆ ಮಧ್ಯಾಹ್ನ ಎರಡು ಗಂಟೆ ಕರೆಂಟ್ ಹೋಗುತ್ತದೆ, ಅರ್ಧ ದಿನದ ಸಂಬಳ ಕಟ್ ಮಾಡೋಣ ಎಂದೂ ಪಾರ್ಟ್ನರ್ ಹೇಳುತ್ತಿದ್ದಾರೆ. ಅನುಭವ ಇರುವವರು ತಿಳಿಸಿ.

ಹೂಟಗಳ್ಳಿ_ಎಚ್ಆರ್

ಮೇಡಂ, ಪಾರ್ಟ್ನರ್ ಲೆಕ್ಕ ತಪ್ಪು. ಪಿಎಫ್‌ಗೆ ಕುರ್ಚಿ ಎಣಿಸುವುದಿಲ್ಲ, ಸಂಬಳದ ಪಟ್ಟಿಯಲ್ಲಿರುವ ಹೆಸರು ಎಣಿಸುತ್ತಾರೆ. ಬ್ರಾಂಚ್ ಎಲ್ಲೇ ಇರಲಿ, ಮನೆಯಲ್ಲೇ ಕೂತಿರಲಿ, ಎಲ್ಲ ಸೇರಿ ಒಂದೇ ಸಂಸ್ಥೆ. 13 ಮತ್ತು 9 ಸೇರಿ 22 ಆಯಿತು, 20 ಮುಟ್ಟಿದ ದಿನದಿಂದಲೇ ನಿಮಗೆ ಪಿಎಫ್ ಅನ್ವಯ. ಆಮೇಲೆ ಇಬ್ಬರು ಮೂವರು ಬಿಟ್ಟು ಹೋಗಿ 19 ಆದರೂ ಅದು ತಪ್ಪುವುದಿಲ್ಲ. ಪಿಎಫ್ ಲೆಕ್ಕಕ್ಕೆ ಹಿಡಿಯುವ ತಿಂಗಳ ಸಂಬಳ 15,000 ಕ್ಕಿಂತ ಜಾಸ್ತಿ ಇದ್ದು ಹಿಂದೆ ಎಲ್ಲೂ ಸದಸ್ಯರಾಗಿರದವರನ್ನು ಸೇರಿಸದೆ ಇರಬಹುದು, ಆದರೆ ತಲೆ ಎಣಿಸುವಾಗ ಅವರೂ ಲೆಕ್ಕಕ್ಕೆ ಬರುತ್ತಾರೆ. ಎಷ್ಟೋ ಜನ ಎಡವುವುದು ಇಲ್ಲೇ.

ತಡ ಮಾಡಬೇಡಿ. ಬಾಕಿಗೆ ವರ್ಷಕ್ಕೆ ಶೇ 12 ಬಡ್ಡಿ, ಮೇಲೆ ದಂಡ. ಅದಕ್ಕಿಂತ ನೋಯುವುದು ಇನ್ನೊಂದು: ಹಳೇ ತಿಂಗಳುಗಳ ನೌಕರರ ಪಾಲನ್ನು ಈಗ ಅವರ ಸಂಬಳದಿಂದ ಹಿಡಿಯಲು ಬರುವುದಿಲ್ಲ, ಅವರ ಶೇ 12, ನಿಮ್ಮ ಶೇ 12 ಎರಡೂ ನಿಮ್ಮ ಜೇಬಿಂದಲೇ.

ಪಿಟಿ ಹಾಗಲ್ಲ, ಅದು ರಾಜ್ಯದ ತೆರಿಗೆ, ಮನುಷ್ಯ ಎಲ್ಲಿ ಕೂತು ಕೆಲಸ ಮಾಡುತ್ತಾನೆ ಅನ್ನುವುದನ್ನು ನೋಡಬೇಕು. ಮದ್ದೂರು ಮಳವಳ್ಳಿಯವರಿಗೆ ನಮ್ಮದೇ ಲೆಕ್ಕ: 25,000 ಕ್ಕಿಂತ ಕಡಿಮೆ ಇದ್ದರೆ ಸೊನ್ನೆ, ಇಲ್ಲದಿದ್ದರೆ ತಿಂಗಳಿಗೆ 200, ಫೆಬ್ರವರಿಯಲ್ಲಿ 300. ತಮಿಳುನಾಡಿನಲ್ಲಿ ಆರು ತಿಂಗಳಿಗೊಮ್ಮೆ ಸ್ಥಳೀಯ ಸಂಸ್ಥೆಗೆ ಕಟ್ಟುವ ಪದ್ಧತಿ. ಮಹಾರಾಷ್ಟ್ರದಲ್ಲಿ ಹೆಂಗಸರಿಗೆ 25,000 ವರೆಗೆ ಇಲ್ಲ, ಗಂಡಸರಿಗೆ 10,000 ದಾಟಿದರೆ 200. ಪುಣೆಯವರ ಸಂಬಳ ಎಷ್ಟು ಅಂತ ನೋಡಿ, ಹಿಡಿಯಬೇಕಾದ ಪ್ರಶ್ನೆಯೇ ಬರದಿರಬಹುದು.

ನಂಜುಮಳಿಗೆ_ಗುರು

ಇಷ್ಟೆಲ್ಲ ತಲೆನೋವು ಯಾಕೆ ಮೇಡಂ. ಆ ಒಂಬತ್ತೂ ಜನರಿಗೆ ಕನ್ಸಲ್ಟೆಂಟ್ ಅಂತ ಅಗ್ರಿಮೆಂಟ್ ಮಾಡಿ, ಶೇ 10 ಟಿಡಿಎಸ್ (ಮೊದಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು ಕೊಟ್ಟುಬಿಡಿ. ಪಿಎಫ್ಫೂ ಇಲ್ಲ, ಪಿಟಿಯೂ ಇಲ್ಲ. ಸುಮಾರು ಕಂಪನಿಗಳು ಹಾಗೇ ನಡೆಸುತ್ತಿವೆ.

ಹೂಟಗಳ್ಳಿ_ಎಚ್ಆರ್

ಗುರುಗಳೇ, ನಡೆಸುತ್ತಿವೆ, ಸಿಕ್ಕಿಬೀಳುವ ತನಕ. ಬೆಳಿಗ್ಗೆ 9:30 ಕ್ಕೆ ಲಾಗಿನ್ ಆಗು, ರಜೆಗೆ ನನ್ನನ್ನು ಕೇಳು, ಲ್ಯಾಪ್‌ಟಾಪ್ ಕಂಪನಿಯದು, ಬೇರೆಯವರ ಕೆಲಸ ಹಿಡಿಯಬೇಡ, ಇಷ್ಟೆಲ್ಲ ಹೇಳಿಬಿಟ್ಟು ಮೇಲೆ ಕನ್ಸಲ್ಟೆಂಟ್ ಅಂತ ಬರೆದರೆ ಯಾರು ಒಪ್ಪುತ್ತಾರೆ? ತನಿಖೆಯಲ್ಲಿ ನೋಡುವುದು ಕಾಗದದ ತಲೆಬರಹವನ್ನಲ್ಲ, ಕೆಲಸ ಹೇಗೆ ನಡೆಯುತ್ತದೆ ಅನ್ನುವುದನ್ನು. ತನ್ನದೇ ಸಮಯ, ತನ್ನದೇ ಸಲಕರಣೆ, ನಾಲ್ಕು ಕಡೆ ಕೆಲಸ ಮಾಡುವ ಮನುಷ್ಯನಾದರೆ ಬೇರೆ ಮಾತು.

ಮಂಡ್ಯದ_ಪೇರೋಲ್

ನಾನು ಎರಡು ವಿಷಯ ಸೇರಿಸುತ್ತೇನೆ. ಒಂದು, ಪೇಸ್ಲಿಪ್ ತೆಗೆದು ನೋಡಿ. 30,000 ಸಂಬಳದಲ್ಲಿ ಬೇಸಿಕ್ 8,000, ಉಳಿದದ್ದೆಲ್ಲ "ಸ್ಪೆಷಲ್ ಅಲೋಯನ್ಸ್" ಅಂತ ಇದೆಯಾ? 2025 ರ ನವೆಂಬರ್ 21 ರಿಂದ ಕೇಂದ್ರದ ನಾಲ್ಕು ಲೇಬರ್ ಕೋಡ್‌ಗಳು ಜಾರಿಗೆ ಬಂದಿವೆ. ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿ ಆದರೆ ಆ ಜಾಸ್ತಿ ಭಾಗವನ್ನೂ ವೇತನ ಅಂತಲೇ ಎಣಿಸಬೇಕು. ಅಂದರೆ ಪಿಎಫ್ ಶೇ 12 ರಂತೆ 8,000 ದ ಮೇಲೆ 960 ಕಟ್ಟುತ್ತಿದ್ದ ಕಡೆ 15,000 ದ ಮೇಲೆ 1,800 ಆಗುತ್ತದೆ. ಗ್ರಾಚ್ಯುಟಿಯೂ (ಕೆಲಸ ಬಿಡುವಾಗ ಕೊಡುವ ಮೊತ್ತ) ಅದರ ಜೊತೆ ಏರುತ್ತದೆ. ಹೊಸದಾಗಿ ಪಿಎಫ್ ಶುರು ಮಾಡುವವರು ಈ ಲೆಕ್ಕ ಇಟ್ಟುಕೊಂಡೇ ಬಜೆಟ್ ಹಾಕಿ. ಅಪಾಯಿಂಟ್‌ಮೆಂಟ್ ಲೆಟರ್ ಈಗ ಎಲ್ಲರಿಗೂ ಕಡ್ಡಾಯ. ಅದರಲ್ಲಿ ಕೆಲಸದ ಜಾಗ ಅಂತ ಅವರ ಮನೆಯ ಊರನ್ನೇ ಬರೆಯಿರಿ, ಸುಮ್ನೆ "ಮೈಸೂರು" ಅಂತ ಹಾಕಬೇಡಿ.

ಎರಡನೆಯದು ಇಎಸ್‌ಐ. ನಮ್ಮಲ್ಲಿ ಕೆ.ಎಂ.ದೊಡ್ಡಿಯ ಒಬ್ಬಾಕೆಯ ಕಾರ್ಡಿನಲ್ಲಿ ಡಿಸ್ಪೆನ್ಸರಿ ಆಫೀಸಿನ ಹತ್ತಿರದ್ದೇ ನಮೂದಾಗಿತ್ತು. ಜ್ವರ ಬಂದ ಮಗುವನ್ನು ಎತ್ತಿಕೊಂಡು ಎರಡು ಬಸ್ಸು ಬದಲಿಸಿ ಬಂದಿದ್ದಳು. ಸೇರಿಸುವಾಗಲೇ ಮನೆ ವಿಳಾಸ ಕೊಟ್ಟು ಹತ್ತಿರದ್ದನ್ನು ಆರಿಸಿ. 21,000 ವರೆಗಿನ ಸಂಬಳದವರಿಗೆ ನೀವು ಶೇ 3.25, ಅವರಿಂದ ಶೇ 0.75 ಕಟ್ಟುತ್ತಿದ್ದೀರಿ, ಪ್ರಯೋಜನ ಸಿಗಬೇಕಲ್ವಾ.

ಕುವೆಂಪುನಗರ_ಕೋರ್ಟು

ಕರೆಂಟ್ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಸಂಬಳ ಕಡಿತಕ್ಕೆ ಕಾನೂನಿನಲ್ಲಿ ಪಟ್ಟಿ ಇದೆ. ಗೈರು ಹಾಜರಿಗೆ ಹಿಡಿಯಬಹುದು, ಆದರೆ ಗೈರಾದಷ್ಟು ಹೊತ್ತಿಗೆ ಮಾತ್ರ, ಎರಡು ಗಂಟೆಗೆ ಅರ್ಧ ದಿನ ಹಿಡಿಯಲು ಬರುವುದಿಲ್ಲ. ಅದೂ ಕೆಲಸ ಮಾಡಲು ಕೂತವನನ್ನು ಗೈರು ಅನ್ನುವುದು ಹೇಗೆ? ಮೈಸೂರಿನ ಆಫೀಸಿನಲ್ಲಿ ಕರೆಂಟ್ ಹೋದರೆ ಅಲ್ಲಿರುವ 13 ಜನರ ಸಂಬಳ ಕಟ್ ಮಾಡುತ್ತೀರಾ? ಇನ್ವರ್ಟರ್ ಕೊಡಿಸಿ, ಇಲ್ಲವೇ ಆ ಎರಡು ಗಂಟೆ ಸಂಜೆ ಮಾಡಲಿ, ದಿನಕ್ಕೆ 9 ಗಂಟೆ ದಾಟದ ಹಾಗೆ. ಲ್ಯಾಪ್‌ಟಾಪ್ ಒಡೆದರೂ ಅಷ್ಟೇ, ಅವರ ವಿವರಣೆ ಕೇಳದೆ ಸಂಬಳದಿಂದ ಹಿಡಿಯುವಂತಿಲ್ಲ.

ಮರೆತ ಇನ್ನೊಂದು: 10 ಜನ ಇದ್ದರೆ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಆಂತರಿಕ ಸಮಿತಿ ಇರಲೇಬೇಕು. 2013 ರ ಆ ಕಾಯ್ದೆ ಕೆಲಸದ ಜಾಗದಲ್ಲಿ ಮನೆಯನ್ನೂ ಸೇರಿಸಿದೆ. ರಾತ್ರಿ ಹತ್ತಕ್ಕೆ ಮ್ಯಾನೇಜರ್ ವೀಡಿಯೊ ಕಾಲ್ ಮಾಡಿ ಕೆಟ್ಟದಾಗಿ ಮಾತಾಡಿದರೆ "ಅದು ಅವರ ಮನೆ" ಅನ್ನಲಾಗದು. ಸಮಿತಿಯಲ್ಲಿ ಹೊರಗಿನ ಒಬ್ಬ ಸದಸ್ಯರು ಬೇಕು, ಮಾಡದಿದ್ದರೆ 50,000 ವರೆಗೆ ದಂಡ.

ಸರಸ್ವತಿಪುರಂ_ಲೆಕ್ಕ

ಎಲ್ಲರಿಗೂ ಥ್ಯಾಂಕ್ಸ್. ಇದನ್ನೆಲ್ಲ ಪಾರ್ಟ್ನರ್‌ಗೆ ಕಳಿಸಿದ್ದೇನೆ, ಓದಿದ್ದಾರೆ, ಉತ್ತರ ಇನ್ನೂ ಬಂದಿಲ್ಲ. ಸೋಮವಾರ ಆಡಿಟರ್ ಹತ್ತಿರ ಹೋಗುತ್ತೇವೆ. ಏನು ತೆಗೆದುಕೊಂಡು ಹೋಗಲಿ?

ಮಂಡ್ಯದ_ಪೇರೋಲ್

22 ಜನರ ಪಟ್ಟಿ: ಸೇರಿದ ದಿನ, ಕೂತು ಕೆಲಸ ಮಾಡುವ ಊರು, ಬೇಸಿಕ್, ಒಟ್ಟು ಸಂಬಳ, ಹಳೇ ಯುಎಎನ್ (ಪಿಎಫ್ ಸದಸ್ಯರ ನಂಬರ್) ಇದ್ದರೆ ಅದು. ತಲೆ ಎಣಿಕೆ 20 ಮುಟ್ಟಿದ ತಿಂಗಳು ಯಾವುದು ಅಂತ ಗುರುತು ಹಾಕಿಕೊಳ್ಳಿ, ಆಡಿಟರ್ ಮೊದಲು ಕೇಳುವುದೇ ಅದನ್ನು.