ಹೊಗೆ ಹಿಡಿದದ್ದೋ, ಹೊಗೆ ಹಿಡಿಸಿದ್ದೋ?

ಗೆಳೆಯರೇ, ನನ್ನ ಊರು ಸೋಮವಾರಪೇಟೆ ಕಡೆ, ಈಗ ಇರುವುದು ಗೋವಾದ ಮಡಗಾಂವ್‌ನಲ್ಲಿ. ಕಳೆದ ಭಾನುವಾರ ಮುಚ್ಚಳ ಇರುವ ಇದ್ದಿಲ ಒಲೆಯಲ್ಲಿ ಮಾವಿನ ಕಟ್ಟಿಗೆ ಹಾಕಿ, ಐದು ಗಂಟೆ ಹೊಗೆಯಲ್ಲೇ ಹಂದಿ ಪಕ್ಕೆಲುಬು ಬೇಯಿಸಿದೆ. ಅದನ್ನು ಕನ್ನಡದಲ್ಲಿ ಬರೆದು ಅಕ್ಕನಿಗೆ ಕಳಿಸೋಣ ಅಂತ ಕೂತರೆ ಮೊದಲ ಸಾಲೇ ಮುಂದೆ ಹೋಗಲಿಲ್ಲ. ಸ್ಮೋಕ್ಡ್ ರಿಬ್ಸ್‌ಗೆ ಏನು ಬರೆಯುವುದು?

‘ಹೊಗೆ ಹಿಡಿದ ಮಾಂಸ’ ಅಂತ ಬರೆದೆ. ಅಕ್ಕ ತಕ್ಷಣ ಫೋನ್ ಮಾಡಿ "ಅಯ್ಯೋ, ಹಾಳಾಯ್ತಾ?" ಅಂದಳು. ಅವಳು ಕೇಳಿದ್ದು ಸರಿಯೇ. ಸೌದೆ ಒಲೆ ಇದ್ದ ಮನೆಯಲ್ಲಿ ಹಾಲು ಹೊಗೆ ಹಿಡಿಯಿತು, ಪಾಯಸ ಹೊಗೆ ಹಿಡಿಯಿತು ಅಂದರೆ ಕೆಟ್ಟಿತು ಅಂತಲೇ ಅರ್ಥ. ‘ಹೊಗೆ ಹಾಕಿದ’ ಅನ್ನೋಣ ಅಂದರೆ ಹೊಗೆ ಹಾಕುವುದು ಬಾಳೆಗೊನೆಗೆ, ಸೊಳ್ಳೆಗೆ. ಬೆಂಗಳೂರಿನ ಹುಡುಗರ ಮಾತಿನಲ್ಲಂತೂ ಹೊಗೆ ಹಾಕಿಸಿಕೊಂಡ ಅಂದರೆ ಸತ್ತ ಅಂತ. ಹೊಗೆಯಾಡುವುದು ಪತ್ರಿಕೆಗಳಲ್ಲಿ ಅಸಮಾಧಾನದ ಕೆಲಸ.

ಸದ್ಯ ನನಗೆ ಒಪ್ಪಿಗೆಯಾಗಿರುವುದು ‘ಹೊಗೆ ಹಿಡಿಸಿದ’. ಒಂದು ‘ಇಸು’ ಸೇರಿತು ಅಷ್ಟೇ, ತಾನಾಗಿ ಆದ ಕೆಡುಕು ಬೇಕಂತಲೇ ಮಾಡಿದ ಅಡುಗೆಯಾಯಿತು. ಹಾಗಂತ ‘ಹಿಡಿ’ ಯಾವಾಗಲೂ ಕೆಟ್ಟದ್ದಲ್ಲ. ಉಪ್ಪು ಖಾರ ಚೆನ್ನಾಗಿ ಹಿಡಿದಿದೆ ಅಂತ ಹೊಗಳುತ್ತೇವಲ್ವಾ? ಹೊಗೆ, ಬೂಷ್ಟು, ತುಕ್ಕು ಇಂಥವುಗಳ ಜೊತೆ ಬಂದಾಗ ಮಾತ್ರ ಅದು ದೂರು.

ಸಾಸ್ ವಿಷಯಕ್ಕೆ ಬಂದರೆ ಇನ್ನೊಂದು ಪದ ಬೇಕಾಯಿತು. ಅಂಗಡಿಯಿಂದ ತಂದ ಬಾರ್ಬೆಕ್ಯೂ ಸಾಸ್ ಅಮೆರಿಕದ ಕ್ಯಾನ್ಸಸ್ ಸಿಟಿ ಬಗೆಯದು, ಟೊಮೇಟೊ ಮತ್ತು ಕಾಕಂಬಿಯದು. ಮಂದ, ತುಂಬಾ ಸಿಹಿ. ಅದೇ ದೇಶದ ನಾರ್ತ್ ಕ್ಯಾರೊಲೈನಾದ ಪೂರ್ವ ಭಾಗದಲ್ಲಿ ಟೊಮೇಟೊನೇ ಇಲ್ಲದೆ ವಿನೆಗರ್, ಮೆಣಸಿನಲ್ಲಿ ತೆಳ್ಳಗೆ ಮಾಡುತ್ತಾರೆ. ನಾನು ಆ ಕಡೆಗೆ ಎಳೆದೆ. ಒಂದು ಕಪ್ ಸಾಸಿಗೆ ಇಲ್ಲಿನ ತೆಂಗಿನ ಕಳ್ಳಿನ ವಿನೆಗರ್ ಎರಡು ಚಮಚ, ಊರಿಂದ ತಂದ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿರಸ) ಕಾಲು ಚಮಚ, ಕುಟ್ಟಿದ ಕಾಳುಮೆಣಸು, ಅರೆದ ಬೆಳ್ಳುಳ್ಳಿ ಹಾಕಿ ಸಣ್ಣ ಉರಿಯಲ್ಲಿ ಬತ್ತಿಸಿದೆ. ಕಾಚಂಪುಳಿ ಜೋನಿಬೆಲ್ಲದ ಹಾಗೆ ಕಪ್ಪಗೆ ಇಳಿಯುತ್ತೆ, ನಾಲಿಗೆಗಿಟ್ಟರೆ ದವಡೆವರೆಗೂ ಹುಳಿ. ಸೌಟಿನ ಬೆನ್ನ ಮೇಲೆ ಬೆರಳಿಂದ ಗೆರೆ ಎಳೆದರೆ ಗೆರೆ ಹಾಗೇ ನಿಂತಿತು, ಆಗ ಇಳಿಸಿದೆ.

ಈ ಕೆಲಸಕ್ಕೆ ಏನನ್ನುವುದು? ‘ಮಾರ್ಪಡಿಸಿದೆ’ ಅಂದರೆ ಸರ್ಕಾರಿ ಆದೇಶದ ಹಾಗಿರುತ್ತೆ. ‘ಒಗ್ಗರಣೆ ಹಾಕಿದೆ’ ಅಂದರೆ ಸುಳ್ಳು, ಎಣ್ಣೆ ಸಾಸಿವೆ ಏನೂ ಇಲ್ಲ. ನಮ್ಮ ಬಾಯಿಗೆ ಒಗ್ಗಲ್ಲ ಅಂತ ದಿನಾ ಹೇಳುತ್ತೇವೆ, ಅದಕ್ಕೆ ‘ಸಾಸನ್ನು ಬಾಯಿಗೆ ಒಗ್ಗಿಸಿಕೊಂಡೆ’ ಅಂತ ಬರೆದೆ. ಇಲ್ಲೂ ಅದೇ ‘ಇಸು’, ‘ಬತ್ತಿಸು’ವಿನಲ್ಲಿ ಇರುವ ಹಾಗೆ. ಅಡುಗೆಮನೆಯಲ್ಲಿ ಇದು ಎಷ್ಟು ದುಡಿಯುತ್ತೆ ನೋಡಿ!

ಸಾಸನ್ನು ಕೊನೆಯ ಅರ್ಧ ಗಂಟೆಯಲ್ಲಿ ಮಾತ್ರ ಸವರಬೇಕು. ಹಿಂದೊಮ್ಮೆ ಶುರುವಿನಲ್ಲೇ ಸವರಿ ಸಕ್ಕರೆಯೆಲ್ಲ ಸೀದು ಕಹಿಯಾಗಿತ್ತು. ‘ಸವರು’ ಬಗ್ಗೆ ನನಗೆ ಅನುಮಾನ ಇಲ್ಲ, ಬಳಿಯುವುದು ಗೋಡೆಗೆ.

ಅನುಮಾನ ಇರುವುದು ಹೊಗೆಯ ಬಗ್ಗೆಯೇ. ನಮ್ಮಜ್ಜಿ ಒಲೆಯ ಮೇಲೆ ಮಾಂಸ ಕಟ್ಟಿ ವಾರಗಟ್ಟಲೆ ಬಿಡುತ್ತಿದ್ದರು, ಅದಕ್ಕೆ ‘ಒಣಗಿದ್ದು’ ಅಂತ ಮಾತ್ರ ಹೇಳುತ್ತಿದ್ದರು, ಹೊಗೆಯ ಹೆಸರೇ ಇರಲಿಲ್ಲ. ಮಲೆನಾಡು, ಕರಾವಳಿ, ಧಾರವಾಡ ಕಡೆಯವರು ಮನೆಯ ಹಿರಿಯರನ್ನು ಒಂದು ಮಾತು ಕೇಳಿ ತಿಳಿಸುತ್ತೀರಾ? ನಿಘಂಟಿನದು ಬೇಡ, ಅವರು ಒಲೆ ಮುಂದೆ ಕೂತು ಏನನ್ನುತ್ತಿದ್ದರೋ ಅದು ಬೇಕು.