ಅಮ್ಮನ ಟ್ರಂಕಿನಲ್ಲಿರುವ ವಸ್ತುಗಳಿಂದಲೇ ಈ ಸಲದ ಕ್ರಿಸ್ಮಸ್ ಅಲಂಕಾರ: ಸಲಹೆ ಬೇಕು

ಪ್ರಶ್ನೆ (ಬೆಂಗಳೂರಿನಿಂದ)

ಎಲ್ಲರಿಗೂ ನಮಸ್ಕಾರ. ಈ ಮಳೆಗಾಲದಲ್ಲಿ ಅಮ್ಮ ತೀರಿಕೊಂಡರು. ಮಂಗಳೂರಿನ ಹಳೆಯ ಮನೆಯನ್ನು ಖಾಲಿ ಮಾಡಿದಾಗ ಅಲ್ಲಿದ್ದ ಒಂದು ತಗಡಿನ ಟ್ರಂಕನ್ನು ನಮ್ಮ ಫ್ಲ್ಯಾಟಿಗೆ ತಂದುಕೊಂಡೆ. ಅದರೊಳಗೆ ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ) ಪ್ಲಾಸ್ಟರ್ ಗೊಂಬೆಗಳು, ಅಪ್ಪ ಬಹರೈನಿನಿಂದ ರಜೆಗೆ ಬರುವಾಗ ತರುತ್ತಿದ್ದ ಗಾಜಿನ ಚೆಂಡುಗಳಲ್ಲಿ ಉಳಿದಿರುವ ಹನ್ನೊಂದು, ಅಮ್ಮ ಕ್ರೋಶಾ ಕಡ್ಡಿಯಿಂದ ಹೆಣೆದ ಮೇಜಿನ ಹೊದಿಕೆ, ಕುಸ್ವಾರ್ (ಕ್ರಿಸ್ಮಸ್ಸಿನ ತಿಂಡಿಗಳು) ತುಂಬಿಡುತ್ತಿದ್ದ ಬಿಸ್ಕತ್ತಿನ ಡಬ್ಬ ಮತ್ತು ದಾರ ಸುತ್ತಿಟ್ಟ ಶುಭಾಶಯ ಪತ್ರಗಳ ಒಂದು ಕಟ್ಟು ಇವೆ. ಗೊಂಬೆಗಳಲ್ಲಿ ಒಬ್ಬ ಕುರಿಗಾಹಿಯ ಬಲಗೈ ಮುರಿದಿದೆ, ಕತ್ತೆಗೆ ಒಂದು ಕಿವಿಯಿಲ್ಲ.

ಪ್ರತಿ ವರ್ಷವೂ ಅಂಗಡಿಯಿಂದ ಒಂದಷ್ಟು ಹೊಸ ಸಾಮಾನು ತಂದು ಮನೆ ಸಿಂಗರಿಸುತ್ತಿದ್ದೆವು. ಈ ಸಲ ಏನನ್ನೂ ಕೊಳ್ಳುವ ಮನಸ್ಸಿಲ್ಲ. ಆದರೆ ಎಲ್ಲವನ್ನೂ ಒಟ್ಟಿಗೆ ಹೊರಗಿಟ್ಟರೆ ಮನೆ ಉಗ್ರಾಣದಂತೆ ಕಾಣಬಹುದು, ಒಂಬತ್ತು ವರ್ಷದ ಮಗಳಿಗೆ ಅದು ಹಬ್ಬ ಎನಿಸದೆ ಅಜ್ಜಿಯ ಶೋಕವೆಂದೇ ಅನಿಸಬಹುದು ಎಂಬ ಅಳುಕಿದೆ. ಗೊಂಬೆಗಳಿಗೆ ಹೊಸದಾಗಿ ಬಣ್ಣ ಹಚ್ಚಿಸಬೇಕೇ, ಇದ್ದ ಹಾಗೆಯೇ ಬಿಡಬೇಕೇ ಎಂಬುದೂ ತಿಳಿಯುತ್ತಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1 (ಉಡುಪಿಯಿಂದ)

ತಂಗಿ, ನಿಮ್ಮ ಅಮ್ಮನ ಆತ್ಮಕ್ಕೆ ಶಾಂತಿ ಸಿಗಲಿ. ನನ್ನ ತಾಯಿ ತೀರಿಹೋದ ವರ್ಷ ನಮ್ಮ ಮನೆಯಲ್ಲಿ ಕುಸ್ವಾರ್ ಮಾಡಲಿಲ್ಲ, ನಕ್ಷತ್ರವನ್ನೂ ತೂಗುಹಾಕಲಿಲ್ಲ. ಆದರೆ ಗೋದಲಿಯನ್ನು ಮಾತ್ರ ಬಿಡಲಿಲ್ಲ. ಆ ವರ್ಷ ಮನೆಗೆ ಬಂದವರೆಲ್ಲ ನೇರವಾಗಿ ಅದರ ಮುಂದೆ ಹೋಗಿ ಕೂರುತ್ತಿದ್ದುದು ನನಗೆ ಇನ್ನೂ ನೆನಪಿದೆ. ಆದ್ದರಿಂದ ನೀವು ಮನೆಯಲ್ಲಿ ಒಂದೇ ಜಾಗವನ್ನು ಆರಿಸಿಕೊಂಡು, ಗೋದಲಿಯನ್ನು ಅಲ್ಲಿ ಕಟ್ಟಿ, ಉಳಿದುದೆಲ್ಲ ಅದಕ್ಕೆ ಹೊಂದಿಕೊಂಡು ಬರುವಂತೆ ನೋಡಿಕೊಳ್ಳಿ ಎಂಬುದು ನನ್ನ ಸಲಹೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಕ್ರಿಸ್ತಜನನದ ದೃಶ್ಯವನ್ನು ಅಣಿಗೊಳಿಸಿದಾಗ ಅಲ್ಲಿದ್ದುದು ಒಂದು ಮೇವಿನ ತೊಟ್ಟಿ, ಒಣಹುಲ್ಲು, ಒಂದು ಎತ್ತು ಮತ್ತು ಒಂದು ಕತ್ತೆ, ಅಷ್ಟೇ. ಊರಿನಲ್ಲಿ ಕೈಗೆ ಸಿಕ್ಕಿದ್ದರಿಂದಲೇ ಅವರು ಅದನ್ನು ಮಾಡಿದ್ದರು.

ಹಳೆಯ ಮನೆಯ ಮಾಡಿನ ಹೆಂಚು ಒಂದಾದರೂ ಉಳಿದಿದೆಯೇ? ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಕರಾವಳಿಯ ಮನೆಗಳ ಮೇಲೆಲ್ಲ ಕೂತ ಕೆಂಪು ಹೆಂಚುಗಳಿವೆಯಲ್ಲ, ಅಂಥ ಎರಡು ಹೆಂಚುಗಳನ್ನು ಓರೆಯಾಗಿ ಒಂದಕ್ಕೊಂದು ಆನಿಸಿದರೆ ಕೊಟ್ಟಿಗೆಯ ಮಾಡು ಸಿದ್ಧವಾಗುತ್ತದೆ. ನಿಮ್ಮ ಅಮ್ಮ ಯಾವ ಮಾಡಿನ ಕೆಳಗೆ ಬದುಕಿದರೋ ಅದರ ಕೆಳಗೇ ಬಾಲಯೇಸು ಮಲಗುತ್ತಾನೆ.

ಇನ್ನು ಗೋದಲಿಯ ಸುತ್ತ ಇಡುವ ಹಸಿರು. ಡಿಸೆಂಬರ್ 12ರ ಸುಮಾರಿಗೆ ಭತ್ತವನ್ನು ಒಂದು ರಾತ್ರಿ ನೆನೆಸಿ, ತಟ್ಟೆಯಲ್ಲಿ ತೆಳುವಾಗಿ ಮಣ್ಣು ಹರಡಿ ಬಿತ್ತಿ, ದಿನವೂ ನೀರು ಚಿಮುಕಿಸಿ. ರಾಗಿ ಅಥವಾ ಸಾಸಿವೆಯಾದರೆ ಮೂರು ನಾಲ್ಕು ದಿನ ತಡವಾಗಿ ಬಿತ್ತಿದರೂ ನಡೆಯುತ್ತದೆ. ಈ ಕೆಲಸವನ್ನು ಪೂರ್ತಿಯಾಗಿ ಮಗಳಿಗೇ ವಹಿಸಿಕೊಡಿ. ಮೊಳಕೆಗೆ ನೀರು ಹಾಕುವ ಮಗುವಿಗೆ ಅದು ಶೋಕದ ಮನೆಯೆಂದು ಅನಿಸುವುದಿಲ್ಲ.

ಗೊಂಬೆಗಳಿಗೆ ಮಾತ್ರ ಬಣ್ಣ ಹಚ್ಚಿಸಬೇಡಿ. ಪ್ರತಿ ವರ್ಷವೂ ಅಮ್ಮ ಹಿಡಿದೆತ್ತಿದ ಕಡೆಯಲ್ಲೇ ಆ ಬಣ್ಣ ಸವೆದಿರುತ್ತದೆ. ಕುರಿಗಾಹಿಯ ಬೆನ್ನನ್ನೊಮ್ಮೆ ನೋಡಿ.

ಉತ್ತರ 2 (ಮೈಸೂರಿನಿಂದ)

ಮೇಲಿನವರ ಮಾತನ್ನು ಒಪ್ಪುತ್ತೇನೆ. ಹಳೆಯ ವಸ್ತುಗಳನ್ನು ಜೋಪಾನ ಮಾಡುವುದರಲ್ಲಿ ನನಗೆ ಆಸಕ್ತಿಯಿರುವುದರಿಂದ ಅದರ ಬಗ್ಗೆ ಎರಡು ಮಾತು ಹೇಳುತ್ತೇನೆ. ಗಾಜಿನ ಚೆಂಡುಗಳನ್ನು ಯಾವ ಕಾರಣಕ್ಕೂ ಒದ್ದೆ ಬಟ್ಟೆಯಿಂದ ಒರೆಸಬೇಡಿ. ಅವುಗಳ ಹೊಳಪು ಒಳಮೈಗೆ ಬಳಿದ ಬೆಳ್ಳಿಯಂಥ ಲೇಪದಿಂದ ಬರುತ್ತದೆ, ಬಣ್ಣ ಹೊರಮೈಯಲ್ಲಿರುತ್ತದೆ. ನೀರು ತಗುಲಿದರೆ ಹೊರಗಿನ ಬಣ್ಣ ಎದ್ದು ಬರುತ್ತದೆ, ಕತ್ತಿನ ಮೂಲಕ ತೇವ ಒಳಗಿಳಿದರೆ ಲೇಪವೂ ಕಪ್ಪಾಗುತ್ತದೆ. ಮೆದುವಾದ ಒಣ ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು. ಮರಕ್ಕೆ ತೂಗುಹಾಕುವ ಮೊದಲು ತಲೆಯ ಮೇಲಿನ ಲೋಹದ ಟೋಪಿ ಬಿಗಿಯಾಗಿದೆಯೇ ಎಂದು ನೋಡಿಕೊಳ್ಳಿ, ಏಕೆಂದರೆ ಹೆಚ್ಚಿನವು ಬಿದ್ದು ಒಡೆಯುವುದು ಅದು ಸಡಿಲಾಗಿಯೇ. ಆ ಹನ್ನೊಂದನ್ನು ಮರಕ್ಕೆ ಕಟ್ಟದೆ ಅಗಲವಾದ ಗಾಜಿನ ಬೋಗುಣಿಯಲ್ಲಿ ಹಾಕಿಟ್ಟರೆ ಇನ್ನೂ ಕ್ಷೇಮ, ಚೆಂದವೂ ಹೌದು.

ಪ್ಲಾಸ್ಟರ್ ಗೊಂಬೆಗೂ ನೀರು ಆಗದು. ಮುರಿದ ಕೈ ಟ್ರಂಕಿನ ತಳದಲ್ಲೆಲ್ಲಾದರೂ ಸಿಕ್ಕರೆ ಬಿಳಿ ಅಂಟಿನಿಂದ ಕೂಡಿಸಿ; ಸಿಗದಿದ್ದರೆ ಹಾಗೆಯೇ ಬಿಡಿ. ಕ್ರೋಶಾ ಹೊದಿಕೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮೆದುವಾದ ಸೋಪಿನಿಂದ ತೊಳೆದು, ಹಿಂಡದೆ, ಟವೆಲ್ಲಿನ ಮೇಲೆ ಹರಡಿ ನೆರಳಿನಲ್ಲಿ ಒಣಗಿಸಿ. ಗೋದಲಿಯೊಳಗೆ ಒಣಹುಲ್ಲು ಇರುವುದರಿಂದ ಬಿಸಿಯಾಗುವ ಹಳೆಯ ಬಲ್ಬಿನ ಸರ ಬೇಡ, ಎಲ್‌ಇಡಿ ಸರವನ್ನೇ ಬಳಸಿ.

ಉತ್ತರ 3 (ಧಾರವಾಡದಿಂದ)

ಅಕ್ಕಾವರೆ, ನಮ್ಮ ಮನೆಯಲ್ಲಿ ಗೋದಲಿ ಇಡುವ ರೂಢಿ ಇಲ್ಲದ ಕಾರಣ ಆ ವಿಷಯದಲ್ಲಿ ಏನೂ ಹೇಳಲಾರೆ. ಆದರೆ ಶುಭಾಶಯ ಪತ್ರಗಳ ಕಟ್ಟನ್ನು ದಯವಿಟ್ಟು ಬಿಚ್ಚಿರಿ. ನಮ್ಮ ತಂದೆ ಪಡಸಾಲೆಯಲ್ಲಿ ಗೋಡೆಯಿಂದ ಗೋಡೆಗೆ ದಾರ ಕಟ್ಟಿ, ಅಂಚೆಯಲ್ಲಿ ಬಂದ ಒಂದೊಂದು ಪತ್ರವನ್ನೂ ಅದರ ಮೇಲೆ ಕುದುರೆ ಹತ್ತಿಸಿದಂತೆ ಹಾಕುತ್ತಿದ್ದರು. ಈಗ ಪತ್ರಗಳು ಬರುವುದಿಲ್ಲವಾದ್ದರಿಂದ ನಾನು ಹಳೆಯವನ್ನೇ ಹಾಕುತ್ತೇನೆ, ಬರಹವಿರುವ ಒಳಬದಿಯನ್ನು ಹೊರಗೆ ಮಾಡಿ. ಚಿತ್ರಗಳು ಎಲ್ಲವೂ ಒಂದೇ ತರಹದವು. ಕೈಬರಹವನ್ನು ನೋಡಿ ಮಕ್ಕಳು ಇದು ಯಾರದು, ಅದು ಯಾರದು ಎಂದು ಕೇಳುತ್ತಾರೆ. ಅಂಟುಪಟ್ಟಿ ಹಚ್ಚಬೇಡಿ, ಕಾಗದ ಕಿತ್ತು ಬರುತ್ತದೆ. ಬಟ್ಟೆ ಒಣಹಾಕುವ ಚಿಕ್ಕ ಕ್ಲಿಪ್ಪುಗಳೇ ಸಾಕು.

ಪ್ರಶ್ನೆ ಕೇಳಿದವರಿಂದ, ಡಿಸೆಂಬರ್ 20

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಊರಿನಲ್ಲಿರುವ ನನ್ನ ತಮ್ಮ ಎರಡು ಹೆಂಚುಗಳನ್ನು ಗೋಣಿಯಲ್ಲಿ ಸುತ್ತಿ ರಾತ್ರಿ ಬಸ್ಸಿನಲ್ಲಿ ಕಳುಹಿಸಿದ. ಒಂದರ ಮೂಲೆ ಸ್ವಲ್ಪ ಚಕ್ಕೆಯೆದ್ದಿದೆ, ಆದರೂ ಮಾಡಾಗಿ ನಿಂತಿದೆ. ಮಗಳು ಬಿತ್ತಿದ ಭತ್ತ ಒಂದು ಇಂಚು ಬಂದಿದೆ. ಕುರಿಗಾಹಿಯ ಬೆನ್ನನ್ನು ನೋಡಿದೆ. ನೀವು ಹೇಳಿದಂತೆಯೇ ಅಲ್ಲಿ ನೀಲಿ ಬಣ್ಣ ಹೋಗಿ, ಹೆಬ್ಬೆರಳಿನಗಲದಷ್ಟು ಬಿಳಿ ಕಾಣುತ್ತದೆ. ಬಣ್ಣ ಹಚ್ಚಿಸುವುದಿಲ್ಲ.

ಗಾಜಿನ ಚೆಂಡುಗಳನ್ನು ಬೋಗುಣಿಯಲ್ಲಿ ಹಾಕಿದ್ದೇನೆ. ಕ್ರೋಶಾ ಹೊದಿಕೆಯನ್ನು ಈ ವರ್ಷ ಹೊರಗೆ ತೆಗೆಯುತ್ತಿಲ್ಲ. ಅದರಲ್ಲಿ ಇನ್ನೂ ಅಮ್ಮನ ಕಪಾಟಿನ ವಾಸನೆಯಿದೆ, ತೊಳೆಯಲು ಮನಸ್ಸು ಬರಲಿಲ್ಲ. ಪತ್ರಗಳಲ್ಲಿ ಅಪ್ಪ ಬಹರೈನಿನಿಂದ ಬರೆದವು ಏಳು ಸಿಕ್ಕಿವೆ, ನಿನ್ನೆ ರಾತ್ರಿ ಮಗಳೇ ಅವುಗಳನ್ನು ಕಿಟಕಿಗೆ ಕಟ್ಟಿದಳು. ಬಿಸ್ಕತ್ತಿನ ಡಬ್ಬ ಸದ್ಯಕ್ಕೆ ಖಾಲಿಯಾಗಿಯೇ ಗೋದಲಿಯ ಪಕ್ಕದಲ್ಲಿದೆ. ಮುಂದಿನ ಡಿಸೆಂಬರಿನಲ್ಲಿ ಅದರಲ್ಲಿ ನೆವ್ರಿ (ಕರ್ಜಿಕಾಯಿಯಂಥ ಸಿಹಿ) ತುಂಬಬೇಕೆಂದು ಅವಳು ಈಗಲೇ ಹೇಳಿಟ್ಟಿದ್ದಾಳೆ.