ಹಿಮ ಕರಗುವಾಗ ಕಾಡಿನ ತೊರೆಯಲ್ಲಿ ನೈಟ್ರೇಟ್ ಏರುವುದೇಕೆ?

ಪ್ರಶ್ನೆ (ಪರಿಸರ ವಿಜ್ಞಾನದ ವಿದ್ಯಾರ್ಥಿನಿ):
ಎಲ್ಲರಿಗೂ ನಮಸ್ಕಾರ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿರುವ ಹಬರ್ಡ್ ಬ್ರೂಕ್ ಪ್ರಾಯೋಗಿಕ ಅರಣ್ಯದ ಕುರಿತು ಓದುತ್ತಿದ್ದೇನೆ. ಅಲ್ಲಿನ ಪುಟ್ಟ ತೊರೆಗಳ ನೀರನ್ನು 1963ರಿಂದಲೂ ನಿಯಮಿತವಾಗಿ ಪರೀಕ್ಷಿಸುತ್ತ ಬಂದಿದ್ದಾರೆ. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಹಿಮ ಕರಗಿ ತೊರೆಗಳು ತುಂಬಿ ಹರಿಯುವಾಗ ಸಿಲಿಕಾ ಮತ್ತು ಸೋಡಿಯಂ ತೆಳುವಾಗುತ್ತವೆ, ನೈಟ್ರೇಟ್ (ನೀರಿನಲ್ಲಿ ಕರಗುವ, ಸಸ್ಯಗಳು ಹೀರುವ ಸಾರಜನಕದ ರೂಪ) ಮಾತ್ರ ಏರುತ್ತದೆ. ನೀರು ಹೆಚ್ಚಾದಾಗ ಎಲ್ಲವೂ ತೆಳುವಾಗಬೇಕಲ್ಲವೇ? ಹೆಚ್ಚುವರಿ ನೈಟ್ರೇಟ್ ಹಿಮದಿಂದಲೇ ಬರುತ್ತದೆಯೇ?

ಉತ್ತರ 1:
ನೀರು ಯಾವ ದಾರಿಯಲ್ಲಿ ತೊರೆಯನ್ನು ಸೇರುತ್ತದೆ ಎಂಬುದನ್ನು ಮೊದಲು ನೋಡಬೇಕು. ಬೇಸಿಗೆಯ ಒಣ ದಿನಗಳಲ್ಲಿ ತೊರೆಗೆ ಬರುವುದು ಆಳದ ಮಣ್ಣು, ಶಿಲೆಗಳ ನಡುವೆ ಬಹುಕಾಲ ನಿಂತ ನೀರು; ಸಿಲಿಕಾ, ಸೋಡಿಯಂ ಅದರಲ್ಲಿ ಕರಗಿರುತ್ತವೆ. ಹಿಮ ಕರಗುವಾಗ ಮಣ್ಣು ನೀರಿನಿಂದ ತುಂಬಿಕೊಂಡು, ಹರಿವಿನ ಬಹುಭಾಗ ಎಲೆಕೊಳೆತದ ಮೇಲ್ಪದರದ ಮೂಲಕವೇ ಸಾಗುತ್ತದೆ. ಮಣ್ಣಿನ ಕಣಗಳ ಋಣವಿದ್ಯುದಂಶವು ತನ್ನಂತೆಯೇ ಋಣವಿದ್ಯುದಂಶವುಳ್ಳ ನೈಟ್ರೇಟನ್ನು ಹಿಡಿದಿಡುವುದಿಲ್ಲವಾದ್ದರಿಂದ, ಆ ಪದರದಲ್ಲಿ ಚಳಿಗಾಲವಿಡೀ ಸಂಗ್ರಹವಾದದ್ದು ಸುಲಭವಾಗಿ ತೊಳೆದುಹೋಗುತ್ತದೆ. ಮೇಪಲ್, ಬೀಚ್ ಮರಗಳು ಇನ್ನೂ ಚಿಗುರಿರದ ಆ ಹೊತ್ತಿನಲ್ಲಿ ಬೇರುಗಳು ಹೀರಿಕೊಳ್ಳುವುದೂ ಕಡಿಮೆ.

ಹಿಮದ ಪಾಲೂ ಇಲ್ಲದಿಲ್ಲ. ಹಿಮದ ಹರಳುಗಳು ಮತ್ತೆ ಮತ್ತೆ ಕರಗಿ ಹೆಪ್ಪುಗಟ್ಟುವಾಗ ಲವಣಗಳು ಹರಳಿನೊಳಗೆ ಉಳಿಯದೆ ಹೊರಮೈಗೆ ಬರುತ್ತವೆ. ಹೀಗಾಗಿ ಮೊದಲು ಕರಗಿದ ನೀರು ಅವುಗಳ ದೊಡ್ಡ ಭಾಗವನ್ನು ಹೊತ್ತೊಯ್ಯುತ್ತದೆ. ನೈಟ್ರೇಟ್ ಸಾಮಾನ್ಯವಾಗಿ ಹರಿವು ಗರಿಷ್ಠಕ್ಕೇರುವ ಮೊದಲೇ ಶಿಖರ ಮುಟ್ಟುವುದಕ್ಕೆ ಇದೂ ಒಂದು ಕಾರಣ.

ಉತ್ತರ 2:
ಮೇಲಿನ ಉತ್ತರದ ಕೊನೆಯ ಭಾಗಕ್ಕೆ ಒಂದು ಮಾತು ಸೇರಿಸಬೇಕೆನಿಸುತ್ತದೆ. ಹಿಮದಲ್ಲಿರುವ ನೈಟ್ರೇಟ್ ನೇರವಾಗಿ ತೊರೆಗೆ ಇಳಿಯುತ್ತದೆ ಎಂದೇ ಬಹುಕಾಲ ನಂಬಲಾಗಿತ್ತು. ಆದರೆ ನೈಟ್ರೇಟ್ ಎಲ್ಲಿಂದ ಬಂತೆಂದು ತಿಳಿಯಲು ಒಂದು ಗುರುತಿದೆ. ವಾತಾವರಣದಲ್ಲಿ ಉಂಟಾದ ನೈಟ್ರೇಟಿನಲ್ಲಿ ಆಮ್ಲಜನಕ-18ರ (ಆಮ್ಲಜನಕದ ಭಾರವಾದ ರೂಪ) ಪಾಲು ಬಹಳ ಹೆಚ್ಚು. ಮಣ್ಣಿನ ಬ್ಯಾಕ್ಟೀರಿಯಾಗಳು ಅಮೋನಿಯಂನಿಂದ ತಯಾರಿಸುವ ನೈಟ್ರೇಟಿನಲ್ಲಿ ಕಡಿಮೆ, ಏಕೆಂದರೆ ಅವು ಆಮ್ಲಜನಕದ ಹೆಚ್ಚಿನ ಪಾಲನ್ನು ಮಣ್ಣಿನ ನೀರಿನಿಂದ ಪಡೆಯುತ್ತವೆ. ವರ್ಮಾಂಟ್‌ನ ಸ್ಲೀಪರ್ಸ್ ರಿವರ್ ಜಲಾನಯನದಲ್ಲಿ ಈ ಗುರುತನ್ನು ಹಿಡಿದು ನೋಡಿದಾಗ, ಹಿಮ ಕರಗುವ ಕಾಲದಲ್ಲೂ ತೊರೆಯ ನೈಟ್ರೇಟಿನ ಬಹುಪಾಲು ಮಣ್ಣಿನಲ್ಲೇ ತಯಾರಾದದ್ದೆಂದು ತಿಳಿದುಬಂತು. ಆದ್ದರಿಂದ ಹಿಮವನ್ನು ನೈಟ್ರೇಟಿನ ಉಗ್ರಾಣವೆಂದು ಕಾಣುವುದಕ್ಕಿಂತ, ಮಣ್ಣಿನ ಉಗ್ರಾಣವನ್ನು ತೊಳೆಯುವ ನೀರೆಂದು ಕಾಣುವುದೇ ಹೆಚ್ಚು ಸರಿ.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಹಿಮ ಕಡಿಮೆ ಬಿದ್ದ ವರ್ಷ ನೈಟ್ರೇಟ್ ಸೋರಿಕೆಯೂ ಕಡಿಮೆಯಾಗಬೇಕೇ?

ಉತ್ತರ 3:
ಹಾಗೆಂದುಕೊಳ್ಳುವುದು ಸಹಜ, ಆದರೆ ಹಬರ್ಡ್ ಬ್ರೂಕ್‌ನ ಪ್ರಯೋಗವು ಬೇರೆಯದನ್ನೇ ತೋರಿಸಿತು. 1990ರ ದಶಕದ ಕೊನೆಯಲ್ಲಿ ಅಲ್ಲಿನ ಸಂಶೋಧಕರು ಚಳಿಗಾಲದ ಆರಂಭದ ವಾರಗಳಲ್ಲಿ ಕೆಲವು ತುಂಡುನೆಲಗಳ ಮೇಲಿನ ಹಿಮವನ್ನು ಸಲಿಕೆಯಿಂದ ಎತ್ತಿಹಾಕಿದರು. ಶಾಖ ಹೊರಹೋಗದಂತೆ ತಡೆಯುವ ಹಿಮವಿಲ್ಲದೆ ಮಣ್ಣು ಆಳದವರೆಗೆ ಹೆಪ್ಪುಗಟ್ಟಿ, ಎಳೆಬೇರುಗಳು ಸತ್ತವು. ಮರುವಸಂತದಲ್ಲಿ ನೈಟ್ರೇಟನ್ನು ಹೀರಬೇಕಾದ ಬೇರುಗಳೇ ಇಲ್ಲವಾದ್ದರಿಂದ ಮಣ್ಣಿನಿಂದ ಸೋರಿಕೆ ಹೆಚ್ಚಿತು. ಶುಗರ್ ಮೇಪಲ್ ಮರಗಳ ಕೆಳಗೆ ಇದು ಬಹಳ ಸ್ಪಷ್ಟವಾಗಿತ್ತು, ಹಳದಿ ಬರ್ಚ್ ಮರಗಳ ಕೆಳಗೆ ಅಷ್ಟಿರಲಿಲ್ಲ. ಇದರಿಂದ ಇಡೀ ತೊರೆಯ ಬಗ್ಗೆ ತೀರ್ಮಾನಕ್ಕೆ ಬರುವಾಗ ಎಚ್ಚರ ಬೇಕು. ಏಕೆಂದರೆ ತುಂಡುನೆಲಗಳಲ್ಲಿ ಸೋರಿಕೆ ಹೆಚ್ಚಿದರೂ, 1970ರ ದಶಕದಿಂದೀಚೆಗೆ ಅಲ್ಲಿನ ತೊರೆಗಳಲ್ಲಿ ನೈಟ್ರೇಟ್ ಒಟ್ಟಾರೆ ಇಳಿದಿದೆ.

ಇನ್ನೊಂದು ಪೋಷಕಾಂಶವಾದ ರಂಜಕದ ಕತೆ ಬೇರೆ. ಮಣ್ಣಿನ ಕೆಳಪದರದ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಗಟ್ಟಿಯಾಗಿ ಹಿಡಿದಿಡುವುದರಿಂದ, ಅದು ಹೆಚ್ಚಾಗಿ ರಭಸದ ಹರಿವಿನಲ್ಲಿ ಹೂಳು ಮತ್ತು ಎಲೆಚೂರುಗಳ ಜೊತೆ ಸಾಗುತ್ತದೆ. ನೀವು ಮುಂದೆ ಇಂಥ ತೊರೆಯಲ್ಲಿ ಮಾದರಿ ಸಂಗ್ರಹಿಸುವುದಾದರೆ, ಸೋಸಿದ ನೀರನ್ನೂ ಸೋಸದ ನೀರನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ. ವಾರಕ್ಕೊಂದು ಬಾಟಲಿ ಸಾಲದು. ಹರಿವು ಏರತೊಡಗಿದ ಮೊದಲ ಗಂಟೆಗಳಿಂದಲೇ ದಿನಕ್ಕೆ ಹಲವು ಬಾರಿ ತೆಗೆಯದಿದ್ದರೆ ನೈಟ್ರೇಟಿನ ಶಿಖರ ಕೈತಪ್ಪುತ್ತದೆ.